ಎರೆ ಭೂಮಿ, ಪರಸಿ ಮಾಳಿಗೆ, ಸೌರಫಲಕ: ನಿಯಮಗಳು ಹೇಳುವುದೇನು?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿಗೆ ಹೆಸರಾದವು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಇಲ್ಲಿನ ಬಿಸಿಲು ಕಳೆದ ಒಂದು ದಶಕದಿಂದ ಮತ್ತೊಂದು ಬೆಳೆಗೂ ದಾರಿ ಮಾಡಿಕೊಟ್ಟಿದೆ. 2014ರಲ್ಲಿ ಪ್ರಕಟವಾದ ಕರ್ನಾಟಕದ ಸೌರನೀತಿ 2021ರ ವೇಳೆಗೆ 2000 ಮೆಗಾವಾಟ್ ಉತ್ಪಾದನೆಯ ಗುರಿ ಇಟ್ಟುಕೊಂಡಿತ್ತು. ಪಾವಗಡದಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಬೃಹತ್ ಸೌರ ಉದ್ಯಾನ ಒಂದೇ ಕಡೆ ತಲೆಯೆತ್ತಿತು. ಅದರ ಜೊತೆಯಲ್ಲೇ, ಸ್ಥಾವರಗಳು ತಾಲ್ಲೂಕುಗಳಿಗೆ ಹಂಚಿಹೋಗಬೇಕೆಂಬ ಉದ್ದೇಶದಿಂದ ತಾಲ್ಲೂಕಿಗೆ ಗರಿಷ್ಠ 20 ಮೆಗಾವಾಟ್ ಎಂಬ ಮಿತಿಯಲ್ಲಿ ಟೆಂಡರುಗಳನ್ನೂ ಕರೆಯಲಾಯಿತು. ಮುಂದೆ 2019ರಲ್ಲಿ ರೈತರ ಪಂಪ್‌ಸೆಟ್ಟುಗಳಿಗಾಗಿ ಪಿಎಂ ಕುಸುಮ್, 2024ರ ಫೆಬ್ರುವರಿಯಲ್ಲಿ ಮನೆಗಳ ಮಾಳಿಗೆಗಾಗಿ ಪಿಎಂ ಸೂರ್ಯಘರ್ ಯೋಜನೆಗಳು ಬಂದವು.

ಹೀಗೆ ಸೌರಫಲಕವು ಕಂಪೆನಿಯ ಬೇಲಿಯನ್ನು ದಾಟಿ ಹೊಲದ ಬದುವಿಗೂ ಮನೆಯ ಮಾಳಿಗೆಗೂ ಬಂದಿದೆ. ಸುರಕ್ಷತೆಯ ಪ್ರಶ್ನೆ ಏಳುವುದು ಇಲ್ಲಿಯೇ. ಫಲಕ, ಇನ್ವರ್ಟರ್, ಕೇಬಲ್ಲುಗಳ ಬಗ್ಗೆ ಬರೆದಿಟ್ಟ ಮಾನದಂಡಗಳಿಗೆ ಕೊರತೆಯಿಲ್ಲ. ಆದರೆ ಅವನ್ನು ಹೊರುವ ನೆಲ ಮತ್ತು ಮಾಳಿಗೆಯನ್ನು ಯಾರು ಪರೀಕ್ಷಿಸಬೇಕು ಎಂಬುದು ಹಳ್ಳಿಗಳ ಮಟ್ಟಿಗೆ ಬಹುಪಾಲು ಮಾಲೀಕನ ವಿವೇಚನೆಗೇ ಬಿಟ್ಟ ವಿಷಯವಾಗಿದೆ.

ಒಂದೇ ಪುಸ್ತಕವಿಲ್ಲ

ಸೌರಸ್ಥಾವರಕ್ಕೆಂದೇ ಮೀಸಲಾದ ಒಂದು ಕಟ್ಟಡ ಸಂಹಿತೆ ಭಾರತದಲ್ಲಿ ಇಲ್ಲ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸುವ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು 1970ರಲ್ಲಿ ಬಂದು, 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಯಿತು. ರಚನೆಯ ಬಲ, ಬೆಂಕಿಯಿಂದ ರಕ್ಷಣೆ, ವಿದ್ಯುತ್ ಜೋಡಣೆ ಎಲ್ಲವೂ ಅದರಲ್ಲಿ ಅಡಕವಾಗಿವೆ. ಆದರೆ ಅದು ಮಾದರಿ ಸಂಹಿತೆ. ರಾಜ್ಯ ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ತನ್ನ ಉಪವಿಧಿಗಳಲ್ಲಿ ಅಳವಡಿಸಿಕೊಂಡಷ್ಟಕ್ಕೆ ಮಾತ್ರ ಅದಕ್ಕೆ ಕಾನೂನಿನ ಬಲ ಬರುತ್ತದೆ. ಹಳ್ಳಿಗಳಲ್ಲಿ ಕಟ್ಟಡ ನಿರ್ಮಾಣದ ನಿಯಂತ್ರಣ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಡಿ ಗ್ರಾಮ ಪಂಚಾಯಿತಿಗೆ ಸೇರಿದೆ. ಮನೆ ಕಟ್ಟುವಾಗ ಪರವಾನಗಿ ಕೇಳುವ ಪಂಚಾಯಿತಿ, ಕಟ್ಟಿದ ಮನೆಯ ಮೇಲೆ ಫಲಕ ಏರಿಸುವಾಗ ಇಂಜಿನಿಯರನನ್ನು ಕಳುಹಿಸಿ ಮಾಳಿಗೆ ನೋಡಿಸುವುದು ಅಪರೂಪ.

ವಿದ್ಯುತ್ತಿನ ವಿಷಯ ಹಾಗಲ್ಲ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 53ನೇ ಪ್ರಕರಣದಡಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಸುರಕ್ಷತಾ ನಿಯಮಗಳನ್ನು ರೂಪಿಸುತ್ತದೆ. 2010ರ ನಿಯಮಾವಳಿಯ ಸ್ಥಾನಕ್ಕೆ 2023ರಲ್ಲಿ ಹೊಸ ನಿಯಮಾವಳಿ ಬಂದಿದೆ. ಮಾಳಿಗೆ ಹಾಗೂ ಹೊಲಗಳ ಸಣ್ಣ ಘಟಕಗಳನ್ನು ಗ್ರಿಡ್‌ಗೆ ಜೋಡಿಸುವ ಬಗೆಗೆ 2013ರ ಪ್ರತ್ಯೇಕ ತಾಂತ್ರಿಕ ನಿಯಮಗಳಿದ್ದು, ಅವು 2019ರಲ್ಲಿ ತಿದ್ದುಪಡಿಯಾದವು. ಇವು ಕಡ್ಡಾಯ. ಜಾರಿಯ ಹೊಣೆ ಜೆಸ್ಕಾಂ ಹಾಗೂ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ್ದು.

ಉಬ್ಬುವ ನೆಲ, ಬಿರಿಯುವ ನೆಲ

ಈ ಮೂರು ತಾಲ್ಲೂಕುಗಳ ಬಹುಭಾಗ ಕಪ್ಪು ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣಿನ ಗುಣ ಇಲ್ಲಿನ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಲದ ಬಾವಿಯ ಕಟ್ಟೆ ವಾಲುವುದಕ್ಕೂ ಮನೆಯ ಗೋಡೆ ಮೂಲೆಯಿಂದ ಸೀಳುವುದಕ್ಕೂ ಇದೇ ಕಾರಣ. ಸೌರಫಲಕದ ಕಂಬವನ್ನು ಇಂತಹ ನೆಲದಲ್ಲಿ ಎರಡು ಅಡಿ ಗುಂಡಿ ತೋಡಿ ಕಾಂಕ್ರೀಟು ಸುರಿದು ನಿಲ್ಲಿಸಿದರೆ, ನೆಲ ಉಬ್ಬಿದಾಗ ಗುಂಡಿಯೊಡನೆ ಕಂಬವೂ ಏಳುತ್ತದೆ, ಕುಗ್ಗಿದಾಗ ಇಳಿಯುತ್ತದೆ. ಎಲ್ಲ ಕಂಬಗಳೂ ಸಮನಾಗಿ ಏರಿಳಿದರೆ ಚಿಂತೆಯಿಲ್ಲ. ಆದರೆ ಕಾಲುವೆಯ ಪಕ್ಕದ ಕಂಬ ಒಂದು ಬಗೆ, ಒಣನೆಲದ ಕಂಬ ಇನ್ನೊಂದು ಬಗೆಯಾದಾಗ ಚೌಕಟ್ಟು ತಿರುಚಿಕೊಳ್ಳುತ್ತದೆ. ತಿರುಚಿದ ಚೌಕಟ್ಟಿನ ಮೇಲೆ ಗಾಜು ಸೀಳುತ್ತದೆ, ಬೋಲ್ಟು ಸಡಿಲವಾಗುತ್ತದೆ, ಕೇಬಲ್ಲಿನ ಕೀಲು ಎಳೆದುಕೊಳ್ಳುತ್ತದೆ. ಬೆಂಕಿಗೆ ಮೊದಲ ಕಾರಣ ಹಲವು ಸಲ ಈ ಸಡಿಲ ಕೀಲೇ ಆಗಿರುತ್ತದೆ.

ಇದಕ್ಕೆ ಪರಿಹಾರವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ಅಭ್ಯಾಸಕ್ಕೆ ತಂದಿದೆ. ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಕಾಂಕ್ರೀಟು ಕಂಬ ಅದು. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ವ್ಯಾಸದ ಎರಡೂವರೆ ಪಟ್ಟು. ಮೇಲ್ಮಣ್ಣು ಎಷ್ಟೇ ಏರಿಳಿದರೂ, ತೇವ ಬದಲಾಗದ ಆಳದಲ್ಲಿ ಕಚ್ಚಿಕೊಂಡ ಗಡ್ಡೆ ಕಂಬವನ್ನು ಹಿಡಿದಿಡುತ್ತದೆ. ಗಾಳಿ ಮೇಲಕ್ಕೆಳೆದರೂ ಅದೇ ಗಡ್ಡೆ ತಡೆಯುತ್ತದೆ. ಐಎಸ್ 2911ರ ಮೂರನೆಯ ಭಾಗ ಇದರ ವಿನ್ಯಾಸವನ್ನು ವಿವರಿಸುತ್ತದೆ. ಆಳವಾದ ಎರೆ ಮಣ್ಣಿನಲ್ಲಿ ಕಂಬದ ಉದ್ದ ಮೂರೂವರೆ ಮೀಟರಿಗೆ ಕಡಿಮೆಯಿರಬಾರದೆಂಬುದು ಅದರ ಸೂಚನೆ. ಎರಡು ಅಡಿ ಗುಂಡಿಗೂ ಮೂರೂವರೆ ಮೀಟರಿಗೂ ಇರುವ ಅಂತರ ವೆಚ್ಚದಲ್ಲಿ ಕಾಣುತ್ತದೆ. ಗುತ್ತಿಗೆದಾರ ಮೊದಲು ಉಳಿಸುವುದೂ ಇಲ್ಲಿಯೇ, ಏಕೆಂದರೆ ಮಣ್ಣು ಮುಚ್ಚಿದ ಮೇಲೆ ಆಳವನ್ನು ಅಳೆಯುವವರಾರೂ ಇಲ್ಲ.

ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯುವ ಪರೀಕ್ಷೆ ಬಹಳ ಸರಳ. ಜರಡಿ ಹಿಡಿದ ಒಣಮಣ್ಣನ್ನು 10 ಗ್ರಾಂನಂತೆ ಎರಡು ಗಾಜಿನ ಅಳತೆ ಕೊಳವೆಗಳಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಎರಡರ ಗಾತ್ರಗಳ ವ್ಯತ್ಯಾಸವೇ ಉಬ್ಬರದ ಸೂಚ್ಯಂಕ. ಐಎಸ್ 2720ರ 40ನೆಯ ಭಾಗದಲ್ಲಿ ಇದರ ವಿಧಾನವಿದೆ. ಸೂಚ್ಯಂಕ ಶೇಕಡಾ 50ನ್ನು ಮೀರಿದ ಮಣ್ಣನ್ನು ಇಂಜಿನಿಯರುಗಳು ಎಚ್ಚರಿಕೆಯ ಗುಂಪಿಗೆ ಸೇರಿಸುತ್ತಾರೆ. ಕೋಟಿಗಟ್ಟಲೆ ಹೂಡುವ ಸ್ಥಾವರಗಳು ಹತ್ತಾರು ಕಡೆ ಈ ಪರೀಕ್ಷೆ ಮಾಡಿಸುತ್ತವೆ. ಪಂಪ್‌ಸೆಟ್ಟಿನ ಫಲಕಕ್ಕೂ ಮಣ್ಣು ಅದೇ ಅಲ್ಲವೇ?

ನೀರಿನ ಹರಿವನ್ನು ಕೂಡ ಇಲ್ಲಿಯೇ ಹೇಳಬೇಕು. ಸಾಲು ಫಲಕಗಳ ಅಂಚಿನಿಂದ ಸುರಿಯುವ ಮಳೆನೀರು ಒಂದೇ ಗೆರೆಯಲ್ಲಿ ನೆಲಕ್ಕೆ ಬಿದ್ದು ಎರೆ ಮಣ್ಣನ್ನು ಕೊಚ್ಚುತ್ತದೆ. ಕಾಲುವೆ ತೋಡದಿದ್ದರೆ ಪಕ್ಕದ ಹೊಲದಲ್ಲಿ ನೀರು ನಿಲ್ಲುತ್ತದೆ. ತೊಗರಿಗೆ ನಿಂತ ನೀರು ಆಗದು. ಭೀಮೆಯ ದಂಡೆಯಲ್ಲಿರುವ ಅಫಜಲಪುರ, ಜೇವರ್ಗಿಗಳ ಹಳ್ಳಿಗಳು 2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಪ್ರವಾಹ ಕಂಡಿವೆ. ಇನ್ವರ್ಟರ್ ಹಾಗೂ ಸ್ವಿಚ್ ಪೆಟ್ಟಿಗೆಗಳನ್ನು ಆ ನೀರಿನ ಗುರುತಿಗಿಂತ ಮೇಲೆ ಇಡಬೇಕೆಂಬುದಕ್ಕೆ ಯಾವ ಸಂಹಿತೆಯ ಆಧಾರವೂ ಬೇಕಿಲ್ಲ. ಊರಿನ ಹಿರಿಯರನ್ನು ಕೇಳಿದರೆ ಸಾಕು.

ಗಾಳಿಯ ಲೆಕ್ಕ

ಮುಂಗಾರಿಗೆ ಮುನ್ನ ಏಪ್ರಿಲ್, ಮೇ ತಿಂಗಳುಗಳಲ್ಲಿ ಬರುವ ಬಿರುಗಾಳಿ ಈ ಭಾಗದಲ್ಲಿ ಪತ್ರಾಸುಗಳನ್ನು ಹಾರಿಸುತ್ತದೆ. ಸೌರಫಲಕ ಗಾಳಿಗೆ ಪತ್ರಾಸಿನಂತೆಯೇ, ಮೇಲಾಗಿ ಓರೆಯಾಗಿ ನಿಂತ ಪತ್ರಾಸು. ಗಾಳಿ ಹೊರೆಯನ್ನು ಲೆಕ್ಕ ಹಾಕುವ ವಿಧಾನ ಐಎಸ್ 875ರ ಮೂರನೆಯ ಭಾಗದಲ್ಲಿದ್ದು, ಅದು 2015ರಲ್ಲಿ ಪರಿಷ್ಕೃತವಾಗಿದೆ. ಅದರ ನಕ್ಷೆಯಲ್ಲಿ ದೇಶವನ್ನು ಸೆಕೆಂಡಿಗೆ 33 ಮೀಟರಿನಿಂದ 55 ಮೀಟರಿನವರೆಗಿನ ವಲಯಗಳಾಗಿ ವಿಂಗಡಿಸಿದೆ. ಬೆಂಗಳೂರು 33ರ ವಲಯದಲ್ಲಿದೆ, ಹೈದರಾಬಾದು 44ರ ವಲಯದಲ್ಲಿದೆ. ಕಲಬುರಗಿಗೆ ಬೆಂಗಳೂರಿಗಿಂತ ಹೈದರಾಬಾದು ಬಹಳ ಹತ್ತಿರ.

ಈ ಅಂಕಿಗಳ ಅಂತರ ಮೇಲ್ನೋಟಕ್ಕೆ ಸಣ್ಣದು. ಆದರೆ ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. 33ರ ವೇಗಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 67 ಕಿಲೋ ಒತ್ತಡವಾದರೆ, 44ರ ವೇಗಕ್ಕೆ ಅದು ಸುಮಾರು 118 ಕಿಲೋ ಆಗುತ್ತದೆ. ಎರಡು ಚದರ ಮೀಟರಿನ ಫಲಕ ಸ್ವತಃ ತೂಗುವುದು ಇಪ್ಪತ್ತು ಚಿಲ್ಲರೆ ಕಿಲೋ ಮಾತ್ರ. ಅಂದರೆ ಚೌಕಟ್ಟಿನ ಮುಖ್ಯ ಕೆಲಸ ಫಲಕವನ್ನು ಹೊರುವುದಲ್ಲ, ಅದನ್ನು ಹಾರದಂತೆ ಹಿಡಿದಿಡುವುದು. ಕಟ್ಟಡದ ಎತ್ತರ, ಸುತ್ತಲಿನ ಬಯಲು, ಫಲಕದ ಓರೆ ಇವುಗಳಿಗೆ ತಕ್ಕಂತೆ ಲೆಕ್ಕ ಇನ್ನೂ ಬದಲಾಗುತ್ತದೆ. ಬೆಂಗಳೂರಿನ ಬಡಾವಣೆಗೆ ಮಾಡಿದ ವಿನ್ಯಾಸವನ್ನು ಮರವೊಂದೂ ಅಡ್ಡವಿಲ್ಲದ ಜೇವರ್ಗಿಯ ಬಯಲಿಗೆ ಹಾಗೆಯೇ ತರುವುದು ಸಲ್ಲದು. ಮಾರಾಟಗಾರ ತೋರಿಸುವ ವಿನ್ಯಾಸದ ಹಾಳೆಯಲ್ಲಿ ಯಾವ ಗಾಳಿವೇಗಕ್ಕೆ ಲೆಕ್ಕ ಹಾಕಿದೆ ಎಂಬ ಒಂದು ಅಂಕಿ ಇದೆಯೇ ಎಂದು ನೋಡುವುದು ಗ್ರಾಹಕನಿಂದ ಆಗುವ ಕೆಲಸ.

ಫಲಕದ ಗಾಜಿಗೂ ಪರೀಕ್ಷೆಯಿದೆ. ಐಇಸಿ 61215 ಮಾನದಂಡದಂತೆ 25 ಮಿಲಿಮೀಟರ್ ವ್ಯಾಸದ ಮಂಜಿನ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಫಲಕದ ಹನ್ನೊಂದು ಕಡೆ ಹೊಡೆದು ನೋಡುತ್ತಾರೆ. 2014ರ ಮಾರ್ಚಿನ ಆಲಿಕಲ್ಲು ಮಳೆಯನ್ನು ಕಂಡವರಿಗೆ ಈ ಗುಂಡು ಸಣ್ಣದೆನಿಸಬಹುದು. ಅದಕ್ಕಿಂತ ದೊಡ್ಡ ಆಲಿಕಲ್ಲಿಗೆ ವಿಮೆಯೇ ಗತಿ.

ಪರಸಿ ಮಾಳಿಗೆಯ ಮಾತು

ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಘಟಕಕ್ಕೆ 78 ಸಾವಿರ ರೂಪಾಯಿ ಕೇಂದ್ರ ಸಹಾಯಧನ ದೊರೆಯುತ್ತದೆ. ಒಂದು ಕಿಲೋವಾಟ್ ಘಟಕಕ್ಕೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಆರ್‌ಸಿಸಿ ಮಾಳಿಗೆಗೆ ಫಲಕ ಹಾಗೂ ಚೌಕಟ್ಟಿನ ಭಾರ ದೊಡ್ಡ ಸಮಸ್ಯೆಯಲ್ಲ. ಜನ ಓಡಾಡುವ ಮಾಳಿಗೆಯನ್ನು ಐಎಸ್ 875ರ ಎರಡನೆಯ ಭಾಗದಂತೆ ಪ್ರತಿ ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರ ಹೊರುವಂತೆ ವಿನ್ಯಾಸ ಮಾಡಿರುತ್ತಾರೆ. ಫಲಕದ ಭಾರ ಅದರ ಏಳೆಂಟನೆಯ ಒಂದು ಪಾಲು. ತೂತು ಕೊರೆದ ಕಡೆ ನೀರು ಇಳಿಯದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಆದರೆ ಆಳಂದ, ಅಫಜಲಪುರ, ಜೇವರ್ಗಿಗಳ ಹಳೆಯ ಮನೆಗಳು ಆರ್‌ಸಿಸಿಯವಲ್ಲ. ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಹಲಗೆ ಅಥವಾ ಶಹಾಬಾದಿನ ಪರಸಿ, ಅದರ ಮೇಲೆ ಮಣ್ಣು. ಬಿಸಿಲಿಗೆ ತಂಪಾದ, ಅನುಭವದಿಂದ ರೂಪುಗೊಂಡ ಮನೆ ಇದು. ಒಂದು ಅಡಿ ದಪ್ಪದ ಮಣ್ಣು ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಪ್ರತಿ ಮಳೆಗಾಲದಲ್ಲಿ ಮಾಳಿಗೆ ಕುಸಿದ ಸುದ್ದಿಗಳು ಈ ಭಾಗದಿಂದ ಬರುವುದು ಇದೇ ಕಾರಣಕ್ಕೆ. ಇಂತಹ ಮಾಳಿಗೆ ಈಗಾಗಲೇ ತನ್ನ ಶಕ್ತಿಯ ಅಂಚಿನಲ್ಲಿರುತ್ತದೆ. ಅದರ ಮೇಲೆ ಫಲಕ ಹಾರದಿರಲೆಂದು ಕಾಂಕ್ರೀಟು ದಿಮ್ಮಿಗಳನ್ನು ಹೇರಿದರೆ ಗಾಳಿಯಿಂದ ಪಾರಾದ ಫಲಕ ಮಾಳಿಗೆಯನ್ನೇ ಕೆಳಗಿಳಿಸೀತು. ಬೋಲ್ಟು ಹಾಕಿ ಬಿಗಿಯೋಣವೆಂದರೆ ಪರಸಿ ಪದರುಪದರಾದ ಕಲ್ಲು, ಡ್ರಿಲ್ಲಿಗೆ ಸೀಳುತ್ತದೆ.

ಇನ್ನೊಂದು ಎಚ್ಚರಿಕೆಯೂ ಇದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಕಂಪಕ್ಕೆ ತುತ್ತಾದ ಕಿಲ್ಲಾರಿ ಲಾತೂರ್ ಜಿಲ್ಲೆಯಲ್ಲಿದೆ. ಆಳಂದದ ಗಡಿಯಾಚೆಯ ಉಮರ್ಗಾ ತಾಲ್ಲೂಕು ಕೂಡ ಆಗ ಕುಸಿಯಿತು. ಸುಮಾರು 10 ಸಾವಿರ ಜನರ ಸಾವಿಗೆ ಮುಖ್ಯ ಕಾರಣ ಇಂತಹವೇ ಕಲ್ಲುಮಣ್ಣಿನ ಗೋಡೆ ಮತ್ತು ಅದರ ಮೇಲಿನ ಭಾರವಾದ ಮಾಳಿಗೆ. 2021ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ದಿನಗಟ್ಟಲೆ ಭೂಮಿ ಕಂಪಿಸಿದ್ದು ಜನರ ನೆನಪಿನಲ್ಲಿದೆ. ದುರ್ಬಲ ಕಲ್ಲುಕಟ್ಟಡಗಳ ಭೂಕಂಪ ರಕ್ಷಣೆಗೆ ಐಎಸ್ 13828 ಎಂಬ ಮಾರ್ಗಸೂಚಿಯಿದೆ. ಅದರ ಸಾರಾಂಶ ಮಾಳಿಗೆಯ ಭಾರ ತಗ್ಗಿಸಬೇಕು, ಗೋಡೆಗಳನ್ನು ಪಟ್ಟಿಗಳಿಂದ ಬಿಗಿಯಬೇಕು ಎಂಬುದು. ಹಾಗಿರುವಾಗ ಮಣ್ಣಿನ ಮಾಳಿಗೆಗೆ ಹೊಸ ಭಾರ ಸೇರಿಸುವ ಪ್ರಶ್ನೆಯೇ ಏಳಬಾರದು. ಅಂಗಳದಲ್ಲಿಯೋ ಹಿತ್ತಲಿನಲ್ಲಿಯೋ ನೆಲದಿಂದಲೇ ಪ್ರತ್ಯೇಕ ಕಂಬಗಳನ್ನು ಎಬ್ಬಿಸಿ, ಗೋಡೆಗೆ ತಾಗದಂತೆ ಫಲಕ ನಿಲ್ಲಿಸುವುದು ಇಂತಹ ಮನೆಗಳಿಗೆ ತಕ್ಕ ದಾರಿ.

ಮಾಳಿಗೆಯ ಎತ್ತರದ ವಿಷಯದಲ್ಲೂ ಒಂದು ಅಪಾಯ ಅಡಗಿದೆ. ಕೆಳಗೆ ಓಡಾಡಲು, ಕಾಳು ಒಣಗಿಸಲು ಜಾಗ ಉಳಿಯಲೆಂದು ಆಳೆತ್ತರಕ್ಕಿಂತ ಮೇಲೆ ಚೌಕಟ್ಟು ಏರಿಸುವ ರೂಢಿ ಬಂದಿದೆ. ಮನೆಯ ಮೇಲೆ ಅಥವಾ ಪಕ್ಕದಲ್ಲಿ ತಂತಿ ಹಾದಿದ್ದರೆ ಅಂತರವನ್ನು ಮಾಳಿಗೆಯಿಂದ ಅಳೆಯಬಾರದು, ಫಲಕದ ತುದಿಯಿಂದ ಅಳೆಯಬೇಕು. 11 ಸಾವಿರ ವೋಲ್ಟಿನ ತಂತಿಗೆ ಕಟ್ಟಡದ ಅತಿ ಎತ್ತರದ ಭಾಗದಿಂದ ಲಂಬವಾಗಿ 3.7 ಮೀಟರ್, ಅಡ್ಡಲಾಗಿ 1.2 ಮೀಟರ್ ಅಂತರ ಬೇಕೆಂಬುದು ಬಹುಕಾಲದ ನಿಯಮ. ಮನೆ ಕಟ್ಟುವಾಗ ಸರಿಯಿದ್ದ ಅಂತರ ಫಲಕ ಏರಿಸಿದ ಮೇಲೆ ಸಾಲದೆ ಹೋಗಬಹುದು. ಫಲಕ ತೊಳೆಯಲು ಕಬ್ಬಿಣದ ಏಣಿ, ಉದ್ದನೆಯ ಕೋಲು ಹಿಡಿದು ಹತ್ತುವವರನ್ನು ನೆನೆದರೆ ಈ ನಿಯಮದ ಅಗತ್ಯ ತಿಳಿಯುತ್ತದೆ.

ಆರಿಸಲಾಗದ ವಿದ್ಯುತ್ತು

ಮನೆಯ ಮುಖ್ಯ ಸ್ವಿಚ್ ತೆಗೆದರೆ ಕಂಪೆನಿಯ ವಿದ್ಯುತ್ತು ನಿಲ್ಲುತ್ತದೆ. ಸೌರಫಲಕದ ವಿದ್ಯುತ್ತು ನಿಲ್ಲುವುದಿಲ್ಲ. ಬಿಸಿಲಿರುವವರೆಗೆ ಫಲಕದಿಂದ ಇನ್ವರ್ಟರಿನವರೆಗಿನ ತಂತಿ ಜೀವಂತವಾಗಿರುತ್ತದೆ. ಸರಣಿಯಲ್ಲಿ ಜೋಡಿಸಿದ ಫಲಕಗಳ ವೋಲ್ಟೇಜು ಮನೆಗಳಲ್ಲಿಯೇ ನೂರಾರು ವೋಲ್ಟಾಗುತ್ತದೆ, ದೊಡ್ಡ ಸ್ಥಾವರಗಳಲ್ಲಿ 1500 ವೋಲ್ಟಿನವರೆಗೂ ಇರುತ್ತದೆ. ಇದು ಏಕಮುಖ ವಿದ್ಯುತ್ತು. ಇದರಲ್ಲಿ ಒಮ್ಮೆ ಕಿಡಿ ಹತ್ತಿದರೆ ತಾನಾಗಿ ಆರುವುದು ಕಷ್ಟ. ಅದಕ್ಕಾಗಿಯೇ ಡಿಸಿಗೆಂದು ತಯಾರಿಸಿದ ಸ್ವಿಚ್, ಫ್ಯೂಸುಗಳನ್ನೇ ಬಳಸಬೇಕು. ಮನೆಯ ಸಾಮಾನ್ಯ ಎಂಸಿಬಿ ನಡೆಯುವುದಿಲ್ಲ. ತಂತಿಯೂ ಅಷ್ಟೇ. ಮಾಳಿಗೆಯ ಬಿಸಿಲಿಗೆ ಸಾಮಾನ್ಯ ಪಿವಿಸಿ ತಂತಿಯ ಹೊದಿಕೆ ಕೆಲವೇ ವರ್ಷಗಳಲ್ಲಿ ಬಿರಿಯುತ್ತದೆ. ಸೌರ ಕೇಬಲ್ಲಿಗೆಂದೇ ಐಎಸ್ 17293 ಎಂಬ ಮಾನದಂಡ 2020ರಲ್ಲಿ ಬಂದಿದೆ.

ಅಮೆರಿಕದ ವಿದ್ಯುತ್ ಸಂಹಿತೆ 2014ರಿಂದ, ಕಟ್ಟಡಗಳ ಮೇಲಿನ ಫಲಕಗಳ ವೋಲ್ಟೇಜನ್ನು ಅಗ್ನಿಶಾಮಕರು ಬೇಗನೆ ತಗ್ಗಿಸಬಲ್ಲ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದೆ. ನಮ್ಮಲ್ಲಿ ಮನೆಗಳ ಮಟ್ಟಿಗೆ ಈ ಅಭ್ಯಾಸ ಇನ್ನೂ ಬೇರೂರಿಲ್ಲ. ಮಾಳಿಗೆಯಲ್ಲಿ ಸೌರಘಟಕವಿದೆ ಎಂಬ ಫಲಕವನ್ನು ಮೀಟರಿನ ಬಳಿ ತೂಗುಹಾಕುವುದು, ಡಿಸಿ ಸ್ವಿಚ್ ಎಲ್ಲಿದೆ ಎಂದು ಮನೆಮಂದಿಗೆ ತಿಳಿಸಿಡುವುದು ಹೆಚ್ಚು ಖರ್ಚಿನ ಕೆಲಸವಲ್ಲ. ದೊಡ್ಡ ಸ್ಥಾವರಗಳಲ್ಲಿ ಬೇಸಿಗೆಯ ಒಣಹುಲ್ಲು ಫಲಕದಷ್ಟೇ ಅಪಾಯಕಾರಿ. ಅದನ್ನು ಕೊಯ್ಯುವುದು ನಿರ್ವಹಣೆಯ ಭಾಗವೇ ಹೊರತು ತೋಟಗಾರಿಕೆಯಲ್ಲ.

ಗ್ರಿಡ್‌ನ ವಿದ್ಯುತ್ತು ಹೋದ ತಕ್ಷಣ ಸೌರಘಟಕವೂ ತಂತಿಯಿಂದ ಬೇರ್ಪಡಬೇಕೆಂದು 2013ರ ನಿಯಮಗಳು ಹೇಳುತ್ತವೆ. ಲೈನ್ ಬಂದ್ ಮಾಡಿ ಕಂಬ ಹತ್ತಿದ ಜೆಸ್ಕಾಂ ಲೈನ್‌ಮನ್‌ಗೆ ಕೆಳಗಿನ ಮನೆಯಿಂದ ವಿದ್ಯುತ್ತು ಹರಿಯಬಾರದೆಂಬುದೇ ಇದರ ಉದ್ದೇಶ. ಇನ್ವರ್ಟರಿನ ಈ ಗುಣವನ್ನು ಐಎಸ್ 16169ರಂತೆಯೂ, ಅದರ ಸುರಕ್ಷತೆಯನ್ನು ಐಎಸ್ 16221ರಂತೆಯೂ ಪರೀಕ್ಷಿಸುತ್ತಾರೆ. ಫಲಕಗಳಿಗೆ ಐಎಸ್ 14286 ಮತ್ತು ಐಇಸಿ 61730. ಇಂತಹ ಸರಕುಗಳಿಗೆ ಬ್ಯೂರೋದ ನೋಂದಣಿಯನ್ನು ಕಡ್ಡಾಯಗೊಳಿಸುವ ಆದೇಶ 2017ರಲ್ಲಿ ಹೊರಟಿತು. ಕೊಳ್ಳುವವರು ಸರಕಿನ ಮೇಲೆ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಬಹುದು.

ಸಿಡಿಲು ಮತ್ತು ಭೂಸಂಪರ್ಕ

ಮುಂಗಾರುಪೂರ್ವ ಮಳೆಯಲ್ಲಿ ಹೊಲದಲ್ಲಿದ್ದವರು ಸಿಡಿಲಿಗೆ ಬಲಿಯಾಗುವುದು ಈ ಜಿಲ್ಲೆಗೆ ಹೊಸತಲ್ಲ. ಬಯಲಿನಲ್ಲಿ ಎತ್ತರವಾಗಿ ನಿಂತ ಲೋಹದ ಚೌಕಟ್ಟಿನ ನೆರಳಿಗೆ ಮಳೆಯ ಹೊತ್ತಿನಲ್ಲಿ ಸೇರುವುದು ಮರದ ಕೆಳಗೆ ನಿಂತಷ್ಟೇ ಅಪಾಯಕರ. ಸಿಡಿಲಿನ ರಕ್ಷಣೆಯನ್ನು ಐಎಸ್/ಐಇಸಿ 62305, ಭೂಸಂಪರ್ಕವನ್ನು ಐಎಸ್ 3043 ವಿವರಿಸುತ್ತವೆ. ಸಿಡಿಲುವಾಹಕಕ್ಕೆ, ಫಲಕದ ಚೌಕಟ್ಟು ಹಾಗೂ ಡಿಸಿ ಭಾಗಕ್ಕೆ, ಎಸಿ ಭಾಗಕ್ಕೆ ಬೇರೆಬೇರೆ ಅರ್ಥಿಂಗ್ ಗುಂಡಿ ತೋಡುವುದು ವಾಡಿಕೆ. ಅರ್ಥಿಂಗ್‌ನ ತಡೆ 5 ಓಮ್ ಮೀರಬಾರದೆಂದು ಟೆಂಡರುಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.

ಎರೆ ಭೂಮಿ ಇಲ್ಲಿಯೂ ತನ್ನ ಗುಣ ಬಿಡುವುದಿಲ್ಲ. ಹಸಿಯಾಗಿರುವಾಗ ಅದು ಒಳ್ಳೆಯ ವಾಹಕ, ಮಳೆಗಾಲದಲ್ಲಿ ಅಳೆದರೆ ಅಂಕಿ ಸೊಗಸಾಗಿ ಬರುತ್ತದೆ. ಮೇ ತಿಂಗಳಲ್ಲಿ ಮಣ್ಣು ಕುಗ್ಗಿ ಬಿರಿದು ಅರ್ಥಿಂಗ್ ಕೊಳವೆಯಿಂದ ದೂರ ಸರಿಯುತ್ತದೆ. ಸಿಡಿಲು ಬರುವುದೂ ಆಗಲೇ. ವಿದ್ಯುತ್ ಸರಬರಾಜುದಾರರು ತಮ್ಮ ಅರ್ಥಿಂಗ್ ಅನ್ನು ಎರಡು ವರ್ಷಕ್ಕೊಮ್ಮೆಯಾದರೂ ಒಣಋತುವಿನ ಒಣದಿನದಲ್ಲಿ ಪರೀಕ್ಷಿಸಬೇಕೆಂದು ನಿಯಮಾವಳಿ ವಿಧಿಸಿರುವುದರ ಅರ್ಥ ಇದೇ. ಅದೇ ಕ್ರಮವನ್ನು ಮನೆಯ ಹಾಗೂ ಪಂಪ್‌ಸೆಟ್ಟಿನ ಮಾಲೀಕರೂ ಅನುಸರಿಸಿದರೆ ತಪ್ಪಿಲ್ಲ.

ಯಾರು ನೋಡುತ್ತಾರೆ?

11 ಅಥವಾ 33 ಸಾವಿರ ವೋಲ್ಟಿನಲ್ಲಿ ಜೋಡಣೆಯಾಗುವ ಸ್ಥಾವರಗಳಿಗೆ ವಿದ್ಯುತ್ ಪರಿವೀಕ್ಷಕರ ಅನುಮೋದನೆಯಿಲ್ಲದೆ ವಿದ್ಯುತ್ತು ಹರಿಸುವಂತಿಲ್ಲ. ಸಣ್ಣ ಘಟಕಗಳ ದಾರಿ ಸುಗಮವಾಗಲೆಂದು ಕೇಂದ್ರ ಸರ್ಕಾರ 2024ರಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿ, 10 ಕಿಲೋವಾಟ್‌ವರೆಗಿನ ಮಾಳಿಗೆ ಘಟಕಗಳ ಅರ್ಜಿಗಳನ್ನು ತಾಂತ್ರಿಕ ಸಾಧ್ಯತಾ ಅಧ್ಯಯನವಿಲ್ಲದೆಯೇ ಅಂಗೀಕೃತವೆಂದು ಪರಿಗಣಿಸುವಂತೆ ಮಾಡಿತು. ಆ ಅಧ್ಯಯನ ಜೆಸ್ಕಾಂನಂತಹ ಕಂಪೆನಿಯ ತಂತಿಜಾಲಕ್ಕೆ ಸಂಬಂಧಿಸಿದ್ದು, ಮಾಳಿಗೆಯ ಬಲಕ್ಕಲ್ಲ. ಅಧ್ಯಯನ ಇದ್ದಾಗಲೂ ಪರಸಿಯನ್ನು ಯಾರೂ ತಟ್ಟಿ ನೋಡುತ್ತಿರಲಿಲ್ಲ. ಹಳೆಯ ಮನೆಗಳ ಮಟ್ಟಿಗೆ ಸಿವಿಲ್ ಇಂಜಿನಿಯರೊಬ್ಬರ ಸಹಿಯಿರುವ ಒಂದು ಪುಟದ ಪ್ರಮಾಣಪತ್ರವನ್ನು ಸಹಾಯಧನದ ಕಡತಕ್ಕೆ ಸೇರಿಸಿದ್ದರೆ ಈ ಕೊರತೆ ಬಹುಮಟ್ಟಿಗೆ ತುಂಬುತ್ತಿತ್ತು.

ಅವಘಡವಾದಾಗಿನ ಕ್ರಮವನ್ನು ಅಧಿನಿಯಮದ 161ನೇ ಪ್ರಕರಣ ಹಾಗೂ 2005ರ ನಿಯಮಗಳು ಹೇಳುತ್ತವೆ. ವಿದ್ಯುತ್ತಿನಿಂದ ಮನುಷ್ಯರಾಗಲಿ ಜಾನುವಾರುಗಳಾಗಲಿ ಸತ್ತರೆ, ಗಾಯಗೊಂಡರೆ, ಪರಿವೀಕ್ಷಕರಿಗೆ ವರದಿ ಸಲ್ಲಿಸಬೇಕು. ಸಾವು ಸಂಭವಿಸಿದ್ದರೆ 24 ಗಂಟೆಗಳೊಳಗೆ ತಿಳಿಸಬೇಕು. ಈ ಹೊಣೆ ಸರಬರಾಜು ಕಂಪೆನಿಯದಷ್ಟೇ ಅಲ್ಲ, ವಿದ್ಯುತ್ತು ಉತ್ಪಾದಿಸುವವರದ್ದೂ ಹೌದು. ಹೊಲದಲ್ಲಿ ಎತ್ತು ಸತ್ತಾಗ ಪಂಚನಾಮೆ, ಪಶುವೈದ್ಯರ ಪತ್ರಗಳ ಜೊತೆಗೆ ಪರಿವೀಕ್ಷಕರ ವರದಿಯೂ ಕಡತದಲ್ಲಿದ್ದರೆ ಪರಿಹಾರದ ಅರ್ಜಿಗೆ ಆಧಾರ ಸಿಗುತ್ತದೆ.